ಮಾತಿಗೆ ಮೊದಲ ಸಾಲು

ನಾನು ಒಂದು ಸ್ವಿಚ್. ಹೀಗೆಂದ ಕೂಡಲೇ ನೀವು ಗೋಡೆಯ ಮೇಲಿನ ದೀಪದ ಗುಂಡಿಯ ಕಡೆ ನೋಡುತ್ತೀರಿ, ನನಗೆ ಗೊತ್ತು. ನಾನು ಅದಲ್ಲ. ಕಚೇರಿಯ ಮೂಲೆಯಲ್ಲಿ, ಕಬ್ಬಿಣದ ಸಣ್ಣ ಕಪಾಟಿನಲ್ಲಿ, ಮೈತುಂಬ ವೈರು ಚುಚ್ಚಿಸಿಕೊಂಡು ಹಸಿರು ಕಣ್ಣು ಮಿಟುಕಿಸುತ್ತ ಕೂತಿರುತ್ತದಲ್ಲ, ಆ ಚಪ್ಪಟೆ ಡಬ್ಬಿ ನಾನು. ನನಗೆ ಇಪ್ಪತ್ನಾಲ್ಕು ಕಂಡಿಗಳಿವೆ. ಒಂದರಲ್ಲಿ ಬಂದದ್ದನ್ನು ಇನ್ನೊಂದರಲ್ಲಿ ಕಳಿಸುವುದು ನನ್ನ ಕಸುಬು.

ನೀವು ಫೋನಿನಲ್ಲಿ ಆಡುವ ಮಾತು, ಕಂಪ್ಯೂಟರಿನಲ್ಲಿ ಕಳಿಸುವ ಕಾಗದ, ಪರದೆಯ ಮೇಲೆ ನೋಡುವ ಚಿತ್ರ, ಎಲ್ಲವೂ ನನ್ನ ಹತ್ತಿರ ಬರುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ. ಒಂದೊಂದರ ಹಣೆಯ ಮೇಲೂ ಅದು ಯಾವುದರ ಚೂರು ಎಂಬ ಗುರುತಿರುತ್ತದೆ. ಅಗ್ಗದ ಸ್ವಿಚ್ಚುಗಳು ಬಂದದ್ದನ್ನು ಬಂದಂತೆ ದಾಟಿಸಿ ಸುಮ್ಮನಾಗುತ್ತವೆ. ನಾನು ಆ ಜಾತಿಯಲ್ಲ. ಯಾರನ್ನು ಮುಂದೆ ಬಿಡಬೇಕು, ಯಾರನ್ನು ನಿಲ್ಲಿಸಬೇಕು, ಜಾಗ ಸಾಲದೆ ಹೋದರೆ ಯಾರನ್ನು ಎಸೆಯಬೇಕು ಎಂದು ನನಗೆ ಬರೆದು ಹೇಳಬಹುದು. ಒಮ್ಮೆ ಹೇಳಿದರೆ ಸಾಕು, ಮರೆಯುವುದಿಲ್ಲ. ಇದನ್ನು ಆಗ ಜಂಬದಿಂದ ಹೇಳಿಕೊಳ್ಳುತ್ತಿದ್ದೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜು, ನೀಲಿ ಕೈಗವಸಿನ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬಳು ನನ್ನ ಹೊಟ್ಟೆಯೊಳಗೆ ಹಸಿರು ಹಲಗೆಯನ್ನು ಕೂರಿಸಿ ನಾಲ್ಕು ಮೊಳೆ ತಿರುವಿದಳು. ಇನ್ನೊಬ್ಬಳು ನನ್ನ ಕಂಡಿಗಳಲ್ಲಿ ವೈರು ಚುಚ್ಚಿ, ಇಪ್ಪತ್ನಾಲ್ಕೂ ಕಣ್ಣು ಹೊತ್ತಿದ್ದನ್ನು ನೋಡಿ ಚೀಟಿ ಅಂಟಿಸಿದಳು. ಹಡಗು, ಲಾರಿ, ಗೋದಾಮು ದಾಟಿ ಹುಬ್ಬಳ್ಳಿಗೆ ಬಂದೆ.

ಹುಬ್ಬಳ್ಳಿಯಲ್ಲಿ ನನ್ನ ಮೊದಲ ಮನೆ ಅಡುಗೆ ಗ್ಯಾಸ್ ಬುಕ್ ಮಾಡುವ ಒಂದು ಫೋನ್ ಕಚೇರಿ. ಹದಿನೆಂಟು ಹುಡುಗಿಯರು ಕಿವಿಗೆ ಮೈಕು ಸಿಕ್ಕಿಸಿಕೊಂಡು ಬೆಳಗ್ಗೆಯಿಂದ ಸಂಜೆಯವರೆಗೆ ಮಾತಾಡುತ್ತಿದ್ದರು. ಅಲ್ಲಿಯ ಮೇಲ್ವಿಚಾರಕಿ ಜಯಶೀಲಾ ಮೇಡಂ, ಗಟ್ಟಿ ದನಿಯ ಹೆಂಗಸು. ನನ್ನನ್ನು ಕೂರಿಸಲು ಬಂದವನು ಶಿರಾಜ. ಬಾಯಲ್ಲಿ ಸದಾ ಏಲಕ್ಕಿ, ಕೈಯಲ್ಲಿ ಸದಾ ಸ್ಕ್ರೂಡ್ರೈವರ್.

"ಶಿರಾಜ, ನಮ್ಮ ಹುಡುಗ್ಯಾರು ಮಾತಾಡೂ ಮುಂದ ದನಿ ಕಡೀತೈತಿ ನೋಡಪಾ. ಗಿರಾಕಿ ಅಲ್ಲಿಂದ ಒದರತಾರ, ಸಿಲಿಂಡರ್ ಬೇಕು ಅಂತಾರೋ ಬ್ಯಾಡ ಅಂತಾರೋ ತಿಳೀವಲ್ದು."

"ಮೇಡಂ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಹುಡುಗ್ಯಾರು ಒಂದು ಕಿವ್ಯಾಗ ಗಿರಾಕಿ ಮಾತು ಕೇಳ್ತಾರ, ಕಣ್ಣಾಗ ಸಿನಿಮಾ ನೋಡ್ತಾರ. ಸಿನಿಮಾ ದಪ್ಪಂದು. ಅದು ಬಾಗಲಾಗ ಸಿಕ್ಕೊಂಡ್ರ ಮಾತು ಹೊರಗ ನಿಂದರತೈತಿ."

"ಮತ್ತ ಏನು ಮಾಡೂದು?"

"ಹಿಟ್ಟಿನ ಗಿರಣಿ ನೋಡಿರಿಲ್ಲ? ಮೂರು ಚೀಲದಾಂವ ಮುಂದ ನಿಂತಿರ್ತಾನ, ಹಿಂದ ಒಬ್ಬಾಕಿ ಕೂಸಿನ ರಾಗಿ ಒಂದು ಸೇರು ಹಿಡ್ಕೊಂಡು ನಿಂತಿರ್ತಾಳ. ಗಿರಣಿಯಾಂವ ಏನಂತಾನ? 'ಬಾ ತಂಗಿ, ನಿಂದು ಮೊದಲು ಹಾಕ್ತೇನಿ' ಅಂತಾನ. ಹಂಗ ಈ ಡಬ್ಬಿಗೂ ಹೇಳಿಬಿಡ್ತೇನಿ."

ಹೇಳಿದ. ಮಾತಿಗೆ ಮೊದಲ ಸಾಲು. ಕಾಗದಪತ್ರಕ್ಕೆ ಎರಡನೆಯದು. ಚಿತ್ರಕ್ಕೆ ಕಟ್ಟಕಡೆಯದು, ಅದೂ ಇಕ್ಕಟ್ಟಿನದು. ಆ ಸಾಲು ತುಂಬಿತೋ, ಉಳಿದದ್ದನ್ನು ಎಸೆದುಬಿಡು.

ಅವತ್ತಿನಿಂದ ಸಿನಿಮಾ ನೋಡುವವರಿಗೆ ನಾಯಕಿ ಕೈ ಎತ್ತಿದರೆ ಎತ್ತಿದಂತೆಯೇ ಕಲ್ಲಾಗಿ ನಿಲ್ಲುತ್ತಿದ್ದಳು. ಹುಡುಗಿಯರು ಶಿರಾಜನಿಗೆ ಶಾಪ ಹಾಕಿದರು. ಆದರೆ ಗಿರಾಕಿಯ ದನಿ ಎದುರಿಗೆ ಕೂತು ಮಾತಾಡಿದಷ್ಟು ಸ್ವಚ್ಛವಾಯಿತು. ಜಯಶೀಲಾ ಮೇಡಂ ನನ್ನ ತಲೆ ತಟ್ಟಿ, "ಶಾಣ್ಯಾ ಇದ್ದೀ" ಎಂದರು. ನನ್ನ ಬದುಕಿನಲ್ಲಿ ನನ್ನನ್ನು ಮುಟ್ಟಿ ಹೊಗಳಿದವರು ಅವರೊಬ್ಬರೇ. ಆರು ವರ್ಷ ಸಂತೋಷದಿಂದ ದುಡಿದೆ. ಆಮೇಲೆ ಜನ ಮೊಬೈಲಿನಲ್ಲಿ ತಾವೇ ಗ್ಯಾಸ್ ಬುಕ್ ಮಾಡಿಕೊಳ್ಳತೊಡಗಿದರು. ಕಚೇರಿ ಮುಚ್ಚಿತು. ಹುಡುಗಿಯರು ಅಳುತ್ತ ಗುಂಪಾಗಿ ಫೋಟೋ ತೆಗೆಸಿಕೊಂಡರು. ನನ್ನನ್ನು ಕಿತ್ತು ರಟ್ಟಿನ ಪೆಟ್ಟಿಗೆಗೆ ಹಾಕಿದರು.

ಅಲ್ಲಿಂದ ನನ್ನನ್ನು ಒಯ್ದವನು ಒಬ್ಬ ಗುತ್ತಿಗೆದಾರ. ಸ್ಪಿರಿಟಿನಿಂದ ನನ್ನ ಮೈ ಒರೆಸಿ, ಎಲ್ಲಿಂದಲೋ ಹೊಸ ಪೆಟ್ಟಿಗೆ ತಂದು ಅದರೊಳಗೆ ನನ್ನನ್ನು ಮಲಗಿಸಿ ಟೇಪು ಅಂಟಿಸಿದ. ಹಾಗೆ ಹಳೆಯ ನಾನು ಹೊಸ ನಾನಾಗಿ, ಮೆಣಸಿನಕಾಯಿ ಪೇಟೆಯ ಒಂದು ಊರಿನ ಕೋರ್ಟಿಗೆ ಬಂದೆ. ಊರಿನ ಹೆಸರು ಹೇಳುವುದಿಲ್ಲ. ಬಸ್ ನಿಲ್ದಾಣದಲ್ಲಿ ಇಳಿದವರು ಸೀನುತ್ತಲೇ ಇಳಿಯುತ್ತಾರೆ, ಅಷ್ಟು ಹೇಳಿದರೆ ಸಾಕು.

ನನ್ನನ್ನು ಜೋಡಿಸುವಾಗ ಗುತ್ತಿಗೆದಾರನ ಆಳು ಕೇಳಿದ, "ಸಾಹೇಬ್ರ, ಇದರಾಗ ಹಳೇದು ಏನೋ ಬರದಾರಲ್ರಿ. ಅಳಸಲೇನು?"

"ಚಾಲೂ ಐತಿಲ್ಲೋ? ಚಾಲೂ ಇದ್ದದ್ದನ್ನ ಮುಟ್ಟಬಾರದು. ಬಿಡು."

ಬಿಟ್ಟ. ನಾನು ಬಿಡಲಿಲ್ಲ. ಮಾತಿಗೆ ಮೊದಲ ಸಾಲು, ಚಿತ್ರಕ್ಕೆ ಕಡೆಯದು. ಹೊಸ ಮನೆಯಲ್ಲೂ ಅದನ್ನೇ ನಡೆಸಿಕೊಂಡು ಹೋದೆ.

ಕೋರ್ಟು ಹಾಲಿನಲ್ಲಿ ನನ್ನ ಜಾಗ ಸಾಕ್ಷಿ ಕಟಕಟೆಯ ಹಿಂದೆ, ನೆಲಕ್ಕೆ ಹತ್ತಿರ. ಅಲ್ಲಿಂದ ನನಗೆ ಹೆಚ್ಚಾಗಿ ಕಾಣುತ್ತಿದ್ದುದು ಪಾದಗಳು. ವಕೀಲರ ಮೆರುಗಿನ ಬೂಟು, ಪೊಲೀಸರ ಕಂದು ಬೂಟು, ಕಟಕಟೆ ಹತ್ತುವ ಮುಂಚೆ ಚಪ್ಪಲಿ ಬಿಟ್ಟು ನಿಲ್ಲುವ ಹಳ್ಳಿಗರ ಒಡೆದ ಹಿಮ್ಮಡಿ. ನನ್ನನ್ನು ನೋಡಿಕೊಳ್ಳುವ ಹೊಣೆ ಗುಮಾಸ್ತ ಹಿರೇಮಠರದು. ನೆಟ್‌ವರ್ಕಿನ ಕೆಲಸ ಅವರು ಕಲಿತದ್ದಲ್ಲ, ಮೇಲೆ ಬಿದ್ದದ್ದು. ಒಳ್ಳೆಯ ಮನುಷ್ಯ. ಆಯುಧಪೂಜೆಯ ದಿನ ಬೆರಳಚ್ಚು ಯಂತ್ರಕ್ಕೆ, ಜೆರಾಕ್ಸ್ ಯಂತ್ರಕ್ಕೆ ಹಚ್ಚಿದಂತೆ ನನಗೂ ಮೂರು ಬೆರಳು ವಿಭೂತಿ ಎಳೆಯುತ್ತಿದ್ದರು.

ಜೈಲಿನಲ್ಲಿರುವ ಕೈದಿಗಳನ್ನು ವಾಯಿದೆಗೆ ಕರೆತರುವ ಬದಲು ಪರದೆಯ ಮೇಲೆ ತೋರಿಸುವ ಪದ್ಧತಿ ಆಗ ಬಂದಿತ್ತು. ಪರದೆಯಲ್ಲಿ ಕೈದಿಯ ಮುಖ ಆಗಾಗ ಕಲ್ಲಾಗುತ್ತಿತ್ತು. ಬಾಯಿ ತೆರೆದದ್ದು ತೆರೆದೇ ಇರುತ್ತಿತ್ತು, ದನಿ ಮಾತ್ರ "ಹಾಜರ ಅದೀನ್ರಿ ಸಾಹೇಬ್ರ" ಎಂದು ಸ್ಪಷ್ಟವಾಗಿ ಬರುತ್ತಿತ್ತು. ಯಾರೂ ತಕರಾರು ಮಾಡಲಿಲ್ಲ. ಚಿತ್ರವೆಂದರೆ ನಿಂತು ನಿಂತು ಬರುವುದೇ ಎಂದು ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು. ತಿಂಗಳಿಗೊಮ್ಮೆ ಹಿರೇಮಠರು ಅಚ್ಚು ಮಾಡಿಸಿದ ನಮೂನೆಯೊಂದನ್ನು ತುಂಬುತ್ತಿದ್ದರು. ಅದರಲ್ಲಿ ಇದ್ದ ಪರೀಕ್ಷೆ ಒಂದೇ: ಆ ಕಡೆಯ ದನಿ ಕೇಳುತ್ತದೆಯೇ?

ಹೀಗಿರುವಾಗ ಫಕೀರವ್ವ ಬಂದಳು.

ಮೊದಲು ಬಂದದ್ದು ಅವಳ ಪಾದ. ಮೆಣಸಿನಕಾಯಿ ತುಳಿದು ತುಳಿದು ಬೆರಳಸಂದಿ ಕೆಂಪಾಗಿತ್ತು. ಅವಳ ಜೊತೆಗೆ ಅವಳ ಚಿಗವ್ವ ತಿರಕವ್ವ. ಫಕೀರವ್ವ ಹುಟ್ಟಾ ಕಿವುಡಿ, ಮಾತು ಬಾರದು. ಅವಳ ಪಾಲಿನ ಮಾತನ್ನೂ ಸೇರಿಸಿ ತಿರಕವ್ವ ಆಡುತ್ತಿದ್ದಳು.

ಮೊಕದ್ದಮೆ ಇದು. ಚನ್ನವೀರ ಎಂಬುವನ ಗೋದಾಮಿನಲ್ಲಿ ಹೆಣ್ಣುಮಕ್ಕಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಸೆರಗಿನಲ್ಲಿ ಕಾಯಿ ಕಟ್ಟಿಕೊಂಡು ಹೋದಾರು ಎಂದು ಅವರನ್ನು ಒಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕುವುದು ಅವನ ರೂಢಿ. ಊಟದ ಹೊತ್ತಿಗೆ ತೆಗೆಯುವುದು, ಮತ್ತೆ ಹಾಕುವುದು. ಒಂದು ದಿನ ಒಳಗೆ ಬೆಂಕಿ ಬಿತ್ತು. ಒಣ ಮೆಣಸಿನಕಾಯಿಯ ಹೊಗೆ, ಉಸಿರೆಳೆದರೆ ಎದೆ ಹರಿಯುವಂಥದ್ದು. ಒಳಗೆ ಇದ್ದವರು ಒಂಬತ್ತು ಜನ. ಬಾಗಿಲು ತೆರೆದಾಗ ಎಂಟು ಜನ ಬಿದ್ದು ಎದ್ದು ಹೊರಬಂದರು. ಒಂಬತ್ತನೆಯವಳು ಫಕೀರವ್ವನ ತಂಗಿ ಹನಮವ್ವ. ಅವಳು ಬರಲಿಲ್ಲ.

ಚನ್ನವೀರ ಹೇಳುತ್ತಿದ್ದುದು, ನನಗೆ ಬೆಂಕಿಯ ಸುದ್ದಿಯೇ ತಡವಾಗಿ ಗೊತ್ತಾಯಿತು, ಗೊತ್ತಾದ ಕ್ಷಣವೇ ಓಡಿ ಬಂದು ಕೀಲಿ ತೆಗೆದೆ ಎಂದು. ಒಳಗಿದ್ದವರಿಗೆ ಬಾಗಿಲು ತಡವಾಗಿ ತೆರೆದದ್ದು ಗೊತ್ತು, ಯಾಕೆ ತಡವಾಯಿತೆಂಬುದು ಗೊತ್ತಿಲ್ಲ. ಅವನ ಹಮಾಲರು ಬಾಯಿ ಬಿಡುವವರಲ್ಲ. ಅವರನ್ನು ಬಿಟ್ಟರೆ ಗೊತ್ತಿದ್ದವಳು ಹೊರಗೆ ಅಂಗಳದಲ್ಲಿ ಕಾಯಿ ಹರವುತ್ತಿದ್ದ ಫಕೀರವ್ವ ಒಬ್ಬಳೇ.

ಅವಳ ಕೈಮಾತು ಪೂರ್ತಿ ತಿಳಿಯುವವರು ಜಗತ್ತಿನಲ್ಲಿ ಇಬ್ಬರಿದ್ದರು. ಒಬ್ಬಳು ತಂಗಿ, ಅವಳು ಸತ್ತಳು. ಇನ್ನೊಬ್ಬರು ಸದಾನಂದ ಮೇಷ್ಟ್ರು. ಚಿಕ್ಕವಳಿದ್ದಾಗ ಐದು ವರ್ಷ ಅವಳಿಗೆ ಕಲಿಸಿದವರು. ಈಗ ಎಪ್ಪತ್ತೆಂಟರ ಮುದುಕ, ಸೊಂಟ ಮುರಿದು ಬೆಳಗಾವಿಯ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಅಕ್ಷರ ಅವಳಿಗೆ ಹೆಸರು ಬರೆಯುವಷ್ಟೇ ಉಳಿದಿತ್ತು. ತಿರಕವ್ವನಿಗೆ ಊಟ, ನೀರು, ಹೊಲ, ಜ್ವರ ಇಷ್ಟರ ಮಟ್ಟಿಗೆ ಅವಳ ಕೈ ತಿಳಿಯುತ್ತಿತ್ತು, ಅಷ್ಟೇ. ಹಾಗಾಗಿ ನ್ಯಾಯಾಧೀಶರು ಮೇಷ್ಟ್ರನ್ನು ಪರದೆಯ ಮೂಲಕ ಕೂರಿಸಿಕೊಳ್ಳಲು ಒಪ್ಪಿದರು. ಅವಳು ಇಲ್ಲಿ ಕೈ ಆಡಿಸುವುದು, ಅವರು ಅಲ್ಲಿ ನೋಡಿ ಕನ್ನಡದಲ್ಲಿ ಹೇಳುವುದು.

ಆ ದಿನ ಹನ್ನೊಂದು ಗಂಟೆಗೆ ಪರದೆಯಲ್ಲಿ ಮೇಷ್ಟ್ರ ಮುಖ ಕಂಡಿತು. ಫಕೀರವ್ವ ಎರಡೂ ಕೈ ಮುಗಿದು, ಮಗುವಿನಂತೆ ನಕ್ಕಳು. ಪ್ರಶ್ನೆ ಚಿಕ್ಕದು: ಅವತ್ತು ನೀನು ಏನು ಕಂಡೆ? ಮೇಷ್ಟ್ರು ಅದನ್ನು ನಾಲ್ಕು ಸಲ ಕೈಯಲ್ಲಿ ಕೇಳಿದ ಮೇಲೆ ಅವಳಿಗೆ ತಿಳಿಯಿತು.

ಅವಳು ಶುರು ಮಾಡಿದಳು. ಆ ಕೈಗಳು ನನ್ನ ಮೂಲಕವೇ ಹೋಗಬೇಕಿತ್ತು, ಆದ್ದರಿಂದ ಏನು ಹೇಳಿದಳೆಂಬುದು ನನಗೆ ಗೊತ್ತು. ಕಿಂಡಿಯಿಂದ ಹೊಗೆ ಬಂತು. ನಾನು ಓಡಿದೆ. ಅವನು ಲಾರಿಯ ಹತ್ತಿರ ನಿಂತಿದ್ದ. ಅವನ ಅಂಗಿ ಹಿಡಿದು ಜಗ್ಗಿದೆ. ಹೊಗೆ ತೋರಿಸಿದೆ. ಅವನು ನೋಡಿದ. ಕಣ್ಣಾರೆ ನೋಡಿದ. ನನ್ನನ್ನು ನೂಕಿದ. ಹಮಾಲರನ್ನು ಕರೆದ. ಗೋದಾಮಿನ ಹೊರಕಟ್ಟೆಯ ಮೇಲಿನ ಚೀಲಗಳನ್ನು ಲಾರಿಗೆ ಹೇರಿಸಿದ. ಒಂದು, ಎರಡು, ಮೂರು, ಬೆರಳು ಮಡಚಿ ಮಡಚಿ ತೋರಿಸಿದಳು. ಲಾರಿಯನ್ನು ದೂರ ನಿಲ್ಲಿಸಿದ. ಆಮೇಲೆ ಬಂದು ಕೀಲಿ ತೆಗೆದ.

ಮೊದಲು ಚೀಲ, ಆಮೇಲೆ ಹೆಂಗಸರು. ಅವಳಿಗೆ ಹೇಳಬೇಕಾಗಿದ್ದುದು ಅಷ್ಟೇ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು.

ನಾನು ಏನು ಮಾಡಿದೆ? ಹಾಲಿನಲ್ಲಿದ್ದವರ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ವಕೀಲರ ಪಿಸುಮಾತು, ಫ್ಯಾನಿನ ಗರಗರ, ಮೈಕು ಹಿಡಿದ ಎಲ್ಲವನ್ನೂ ಮೊದಲ ಸಾಲಿನಲ್ಲಿ ಮರ್ಯಾದೆಯಿಂದ ಕಳಿಸಿಕೊಟ್ಟೆ. ಅವಳ ಕೈಗಳು ಚಿತ್ರದ ಸಾಲಿನಲ್ಲಿ ಬಂದವು. ಕಡೆಯ ಸಾಲು, ಇಕ್ಕಟ್ಟಿನ ಸಾಲು. ಮೊದಲ ನಾಲ್ಕು ಚೂರು ಹೋದವು. ಸಾಲು ತುಂಬಿತು. ಉಳಿದದ್ದನ್ನು ಎಸೆದೆ. ಕೊನೆಯಲ್ಲಿ ಮತ್ತೆ ಜಾಗವಾದಾಗ ಎರಡು ಚೂರು ಹೋದವು.

ಬೆಳಗಾವಿಯಿಂದ ಮೇಷ್ಟ್ರ ದನಿ ಬಂತು, ಪಕ್ಕದಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿ: "ಹೊಗೆ ಬಂತು ಅಂತಾಳ್ರಿ... ಕೀಲಿ ತಗದ ಅಂತಾಳ... ನಡುವಿಂದು ನನಗ ಕಾಣವಲ್ದು. ಕೈ ನಿಂತಬಿಟ್ಟಾವ. ತಂಗೀ, ಮತ್ತೊಮ್ಮೆ ಹೇಳವ್ವಾ."

ಅವರ ಕೈ ನೋಡಿ ಮತ್ತೊಮ್ಮೆ ಹೇಳಿದಳು. ಮತ್ತೊಮ್ಮೆ ಎಸೆದೆ. ಮೂರನೆಯ ಸಲ ಇನ್ನೂ ಬೇಗ ಬೇಗ ಕೈ ಆಡಿಸಿದಳು, ಜೋರಾಗಿ ಹೇಳಿದರೆ ಮುಟ್ಟೀತು ಎಂದು ನೀವು ಕೂಗುವುದಿಲ್ಲವೇ, ಹಾಗೆ. ಕೈ ಬೇಗ ಆಡಿದಷ್ಟೂ ಚಿತ್ರ ದಪ್ಪವಾಗುತ್ತದೆ. ಇನ್ನೂ ಹೆಚ್ಚು ಎಸೆದೆ.

ಚನ್ನವೀರನ ವಕೀಲರು ಉಮಚಗಿಯವರು. ಎದ್ದು ನಿಂತು, ಬಹಳ ಮೆತ್ತಗೆ ಹೇಳಿದರು: "ಸ್ವಾಮಿ, ಹೊಗೆ ಬಂತು, ಕೀಲಿ ತೆಗೆದ. ನನ್ನ ಕಕ್ಷಿದಾರ ಹೇಳುತ್ತಿರುವುದೂ ಅದನ್ನೇ. ಸಾಕ್ಷಿಗೆ ನನ್ನ ವಂದನೆಗಳು."

ಹಾಲಿನಲ್ಲಿ ಯಾರೋ ನಕ್ಕರು. ಫಕೀರವ್ವ ನಕ್ಕವರ ಮುಖ ನೋಡಿ, ತಾನು ಹೇಳಿದ್ದು ಅವರಿಗೆ ತಿಳಿಯಿತೆಂದುಕೊಂಡು ತಲೆಯಾಡಿಸಿದಳು.

ಸರ್ಕಾರದ ಪರ ವಕೀಲೆ ತಕರಾರು ಎತ್ತಿದರು. ನ್ಯಾಯಾಧೀಶರು ಕೆಟ್ಟವರಲ್ಲ. ಸಂಪರ್ಕ ಸರಿಯಿದೆಯೇ ಎಂದು ಪರೀಕ್ಷಿಸಿ ವರದಿ ಕೊಡಿ ಎಂದು ಹಿರೇಮಠರಿಗೆ ಹೇಳಿ, ಹದಿನೈದು ದಿನ ಮುಂದಕ್ಕೆ ಹಾಕಿದರು.

ಊಟದ ಬಿಡುವಿನಲ್ಲಿ ಹಿರೇಮಠರು ನಮೂನೆ ಹಿಡಿದುಕೊಂಡು ಬಂದರು. ಕೋರ್ಟು ಹಾಲ್ ಖಾಲಿ. ಫಕೀರವ್ವ, ತಿರಕವ್ವ ಮಾತ್ರ ಬೆಂಚಿನ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಹಿರೇಮಠರು ಮೈಕು ಬಾಯಿಗೆ ಹಿಡಿದರು.

"ಹಲೋ. ಹಲೋ. ಮೇಷ್ಟ್ರ, ಕೇಳ್ತದೇನ್ರಿ?"

"ಛಲೋ ಕೇಳ್ತದ್ರಿ. ಆದರ ಚಿತ್ರ..."

"ದನಿ ಬರೋಬ್ಬರಿ ಐತಿಲ್ರಿ?"

"ದನಿ ಬರೋಬ್ಬರಿ ಐತಿ. ನನ್ನ ತ್ರಾಸ ಏನಂದ್ರ..."

"ಆತು ಬಿಡ್ರಿ. ದನಿ ಸ್ಪಷ್ಟ." ಬರೆದುಕೊಂಡರು.

ತಿರಕವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. "ಯಣ್ಣಾ, ಆಕಿಗೆ ಕಿವೀನ ಇಲ್ಲ, ಬಾಯೀನ ಇಲ್ಲ. ನೀ ಹಲೋ ಅಂದು ಏನು ನೋಡಿದೀ?"

"ಯವ್ವಾ, ಲೈನ್ ಟೆಸ್ಟ್ ಅಂದ್ರ ಹಿಂಗ ಇರತೈತಿ. ನಿನಗ ತಿಳಿಯೂದಿಲ್ಲ."

"ನನಗ್ಯಾಕ ತಿಳೀತೈತಿ? ಮದಿವ್ಯಾಗ ಊಟ ಛಲೋ ಐತೋ ಇಲ್ಲೋ ಅಂತ ವಾಲಗದಾಂವನ್ನ ಕೇಳಿದಂಗ ಆತಿದು."

ಹಿರೇಮಠರಿಗೆ ನಗೆ ಬಂತು. ನಗುತ್ತಲೇ ಕೆಳಗೆ ಸಹಿ ಮಾಡಿದರು. ಆ ನಮೂನೆಯಲ್ಲಿ ಚಿತ್ರಕ್ಕೆ ಒಂದು ಗೆರೆ ಇದ್ದಿದ್ದರೆ ಅವರು ಅದನ್ನೂ ಪ್ರಾಮಾಣಿಕವಾಗಿ ತುಂಬುತ್ತಿದ್ದರು. ಇರಲಿಲ್ಲ. ನನ್ನ ಕತೆಯೂ ಅದೇ, ಅವರ ಕತೆಯೂ ಅದೇ. ಹೇಳಿಕೊಟ್ಟ ಗೆರೆ ದಾಟಿದವರಲ್ಲ ನಾವು.

ಎರಡನೆಯ ವಾಯಿದೆಗೆ ಫಕೀರವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅದು ಹನಮವ್ವನದಂತೆ. ಅಕ್ಕಪಕ್ಕದವರಿಗೆ ತಿರಕವ್ವ ಹೇಳುತ್ತಿದ್ದಳು, "ರಾತ್ರಿಯೆಲ್ಲ ಗ್ವಾಡಿಗೆ ಮುಖಾ ಮಾಡಿ ಕೈ ಆಡಿಸಿಕೋತ ಇದ್ಲರೀ. ಪಾಠಾ ಒಪ್ಪಸ್ತಾಳ." ಅವತ್ತು ಅವಳು ನಿಧಾನವಾಗಿ, ಒಂದೊಂದೇ ಬಿಡಿಸಿ ಹೇಳಿದಳು. ನಿಧಾನವಾದಾಗ ಎರಡು ಚೂರು ಹೆಚ್ಚು ಹೋದವು. ಮೇಷ್ಟ್ರು, "ಅಂಗಿ ಜಗ್ಗಿದೆ ಅಂತಾಳ್ರೀ! ಯಾರದೋ ಅಂಗಿ ಜಗ್ಗ್ಯಾಳ!" ಎಂದು ಹಾಸಿಗೆಯಿಂದ ಎದ್ದೇಬಿಡುವವರಂತೆ ಕೂಗಿದರು. ನಾನು ಆಸೆಪಟ್ಟೆ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ. ಅಷ್ಟರಲ್ಲಿ ಸಾಲು ತುಂಬಿತು. ನೋಡದವನು, ನೂಕದವನು, ಚೀಲ ಹೇರಿಸದವನು ಆಗಿ ಚನ್ನವೀರ ನನ್ನಿಂದ ಆಚೆಗೆ ಹೋದ. ಕೀಲಿ ತೆಗೆದವನು ಮಾತ್ರ ಆಗಿ ಹೋದ.

ಫಕೀರವ್ವ ಕಟಕಟೆಯಿಂದ ಇಳಿದು ಚನ್ನವೀರನ ಎದುರು ನಿಂತು ಅವನ ಅಂಗಿ ಹಿಡಿದು ಜಗ್ಗಿದಳು. ಹಾಗೆ ಜಗ್ಗಿದ್ದೆ ಎಂದು ತೋರಿಸಲು. ಪೊಲೀಸಿನವಳು ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕೈ ಹಿಡಿದರೆ ಅವಳ ಬಾಯಿ ಮುಚ್ಚಿದಂತೆ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಉಮಚಗಿ ವಕೀಲರು ಹಿರೇಮಠರ ವರದಿಯನ್ನು ಎತ್ತಿ ಓದಿದರು. "ದನಿ ಸ್ಪಷ್ಟ. ಸಂಪರ್ಕ ಸುಸ್ಥಿತಿಯಲ್ಲಿದೆ. ಅಂದ ಮೇಲೆ ದೋಷ ಎಲ್ಲಿದೆ ಸ್ವಾಮಿ? ಒಂದೋ ಸಾಕ್ಷಿಯ ಸನ್ನೆಗೆ ಅರ್ಥವಿಲ್ಲ, ಇಲ್ಲವೇ ಮೇಷ್ಟ್ರ ಕಣ್ಣಿಗೆ ವಯಸ್ಸಾಗಿದೆ."

"ನನ್ನ ಕಣ್ಣು ಛಲೋ ಅದಾವ!" ಎಂದರು ಮೇಷ್ಟ್ರು. ಅದೂ ಸ್ಪಷ್ಟವಾಗಿ ಕೇಳಿಸಿತು.

ಅವಳ ಹೇಳಿಕೆಯ ಚಿತ್ರವನ್ನು ಕಾಯಿದೆಯ ಪ್ರಕಾರ ಕೂಡಿಟ್ಟಿದ್ದರು. ಆದರೆ ಕೂಡಿಟ್ಟದ್ದು ದೂರದ ಯಂತ್ರದಲ್ಲಿ, ನನ್ನನ್ನು ದಾಟಿ ಹೋದ ಮೇಲೆ. ಮತ್ತೆ ಹಾಕಿ ನೋಡಿದರೂ ಅದೇ ಕಲ್ಲಿನ ಕೈ.

ಒಂದೂವರೆ ತಿಂಗಳ ನಂತರ ತೀರ್ಪು ಬಂತು. ಸಾಕ್ಷಿಯ ಹೇಳಿಕೆಯಲ್ಲಿ ಹೊಗೆ ಕಂಡದ್ದು ಮತ್ತು ಆರೋಪಿ ಕೀಲಿ ತೆಗೆದದ್ದು ಮಾತ್ರ ಖಚಿತವಾಗಿ ತಿಳಿದುಬರುತ್ತದೆ, ಉಳಿದದ್ದು ಅಸ್ಪಷ್ಟ, ಸಂಶಯದ ಲಾಭ ಆರೋಪಿಗೆ. ಚನ್ನವೀರನ ಕಡೆಯವರು ಅಂಗಳದಲ್ಲಿ ಪೇಢೆ ಹಂಚಿದರು. ಹಿರೇಮಠರಿಗೂ ಒಂದು ಬಂತು. ತಿಂದರು.

ಹಾಲಿನಲ್ಲಿ ತಿರಕವ್ವ ಫಕೀರವ್ವನಿಗೆ ತೀರ್ಪನ್ನು ತಿಳಿಸಲು ನೋಡಿದಳು. ಅವಳಿಗೆ ಅಷ್ಟು ದೊಡ್ಡ ವಿಷಯಕ್ಕೆ ಕೈ ಬರುತ್ತಿರಲಿಲ್ಲ. ಚನ್ನವೀರನ ಕುರ್ಚಿಯ ಕಡೆ ತೋರಿಸಿದಳು, ಬಾಗಿಲ ಕಡೆ ತೋರಿಸಿದಳು. ಹೋದ ಎಂದು. ಫಕೀರವ್ವ ಬಹಳ ಹೊತ್ತು ಬಾಗಿಲನ್ನೇ ನೋಡಿ, ಆಮೇಲೆ ಚಿಗವ್ವನ ಎದುರು ಮೊದಲಿನಿಂದ ಶುರು ಮಾಡಿದಳು: ಕಿಂಡಿಯಿಂದ ಹೊಗೆ ಬಂತು, ನಾನು ಓಡಿದೆ... ತಿರಕವ್ವ ಅವಳ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಸಾಕವ್ವಾ, ಸಾಕು" ಎಂದಳು.

ಮೂರು ವಾರ ಕಳೆಯಿತು. ಕೋರ್ಟಿಗೆ ಹೊಸ ಯಂತ್ರ ಕೂರಿಸಲು ರೇಷ್ಮಾ ಎಂಬ ಎಂಜಿನಿಯರ್ ಬಂದಳು. ನನ್ನನ್ನು ಕೀಳುವ ಮೊದಲು ತನ್ನ ಕಂಪ್ಯೂಟರಿಗೆ ಜೋಡಿಸಿ, ಒಳಗೆ ಬರೆದಿದ್ದನ್ನು ಓದಿದಳು. ಇಷ್ಟು ವರ್ಷಗಳಲ್ಲಿ ಅದನ್ನು ಪೂರ್ತಿ ಓದಿದವಳು ಅವಳೇ ಮೊದಲು.

"ಹಿರೇಮಠ ಸರ್, ಇದನ್ಯಾರು ಬರದಾರ? ಇದರಾಗ ಚಿತ್ರ ಮುಂದ ಹೋಗೂದಿಲ್ಲ. ಮಾತು ಅಷ್ಟ ಹೋಗತೈತಿ. ಇಲ್ನೋಡ್ರಿ, ಇದು ಎಸೆದ ಚಿತ್ರದ ಲೆಕ್ಕ. ಅಬ್ಬಬ್ಬಾ!"

ಹಿರೇಮಠರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ನನ್ನ ಎದುರಿಗೆ ಇದ್ದ ಅವರ ಚಪ್ಪಲಿ ಕಾಲುಗಳು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಸರಿದವು. ಮೇಲಿನ ಕೋರ್ಟಿಗೆ ಹೋಗಲು ಇನ್ನೂ ದಿನಗಳಿದ್ದವು. ಇದನ್ನು ಒಂದು ಹಾಳೆಯ ಮೇಲೆ ಬರೆದು, ತಮ್ಮ ವರದಿ ತಪ್ಪಾಗಿತ್ತು ಎಂದು ಸಹಿ ಮಾಡಿ ಸರ್ಕಾರಿ ವಕೀಲೆಯ ಕೈಗೆ ಕೊಟ್ಟಿದ್ದರೆ ಸಾಕಿತ್ತು. ಅವರ ನಿವೃತ್ತಿಗೆ ನಾಲ್ಕೇ ತಿಂಗಳು ಉಳಿದಿತ್ತು.

"ಇದರಿಂದ ಯಾರಿಗಾದರೂ ತ್ರಾಸ ಆಗಿತ್ತೇನ್ರಿ ಸರ್?" ರೇಷ್ಮಾ ಕೇಳಿದಳು.

"ಇಲ್ಲವ್ವಾ," ಎಂದರು ಹಿರೇಮಠರು. "ಯಾರೂ ಏನೂ ಹೇಳಿಲ್ಲ."

ಅವಳು ವೈರು ಎಳೆದಳು. ಇಪ್ಪತ್ನಾಲ್ಕು ಕಣ್ಣೂ ಒಟ್ಟಿಗೆ ಮುಚ್ಚಿದವು. ಎಸೆದ ಚಿತ್ರಗಳ ಆ ಲೆಕ್ಕ ವಿದ್ಯುತ್ತು ಇರುವ ತನಕ ಮಾತ್ರ ಉಳಿಯುವಂಥದ್ದು. ಅದೂ ಹೋಯಿತು.

ಈಗ ನಾನು ಹಾಲಿನ ಪಕ್ಕದ ದಾಖಲೆ ಕೋಣೆಯಲ್ಲಿ, ಕಪಾಟಿನ ನೆತ್ತಿಯ ಮೇಲೆ ಇದ್ದೇನೆ. ಮೊದಲ ಬಾರಿಗೆ ಜನರನ್ನು ಮೇಲಿನಿಂದ ನೋಡುತ್ತಿದ್ದೇನೆ. ತಲೆಗಳು ಕಾಣುತ್ತವೆ, ಪಾದಗಳು ಕಾಣುವುದಿಲ್ಲ. ಸುತ್ತಲೂ ಬಟ್ಟೆಯಲ್ಲಿ ಕಟ್ಟಿದ ಕಟ್ಟುಗಳು, ಅವುಗಳಲ್ಲಿ ಒಂದು ಹನಮವ್ವನದು. ಅದರೊಳಗೆ ಹಿರೇಮಠರ ಸಹಿಯ ನಮೂನೆ ಭದ್ರವಾಗಿದೆ.

ಕೆಲಸವಿಲ್ಲದ ಯಂತ್ರಕ್ಕೆ ಯೋಚನೆ ಜಾಸ್ತಿ. ಶಿರಾಜನದು ತಪ್ಪೇ? ಗಿರಣಿಯಲ್ಲಿ ಕೂಸಿನ ತಾಯಿಯನ್ನು ಮುಂದೆ ಬಿಟ್ಟವನು ಅವನು. ಆದರೆ ಗಿರಣಿಯವನಿಗೆ ಎದುರು ನಿಂತವರ ಮುಖ ಕಾಣುತ್ತದೆ. ನನಗೆ ಹಣೆಯ ಮೇಲಿನ ಗುರುತು ಮಾತ್ರ ಕಾಣುತ್ತಿತ್ತು. ಒಬ್ಬಳ ಪಾಲಿಗೆ ಕೈಯೇ ಮಾತಾಗಿರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ, ಎಂದು ಹೇಳಿಕೊಂಡು ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ. ಆ ಕೈಗಳನ್ನು ನಾನು ನೋಡಿದ್ದೆ. ನೋಡಿಯೇ ಎಸೆದೆ. ಚನ್ನವೀರನೂ ಹೊಗೆಯನ್ನು ನೋಡಿದ್ದ.

ಮೊನ್ನೆ ಹಾಲಿನಲ್ಲಿ ಹಿರೇಮಠರ ಬೀಳ್ಕೊಡುಗೆ ನಡೆಯಿತು. ಗೋಡೆಯಾಚೆಯಿಂದ ಎಲ್ಲವೂ ಕೇಳಿಸಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಚಪ್ಪಾಳೆ ತಟ್ಟಿದರು. ಒಬ್ಬರು ಮೈಕು ಹಿಡಿದು ಹೇಳಿದರು, ಮೂವತ್ತೊಂದು ವರ್ಷದ ಸೇವೆಯಲ್ಲಿ ಇವರ ಮೇಲೆ ಒಂದೇ ಒಂದು ದೂರು ದಾಖಲಾಗಿಲ್ಲ ಎಂದು.

ನನ್ನ ಮೇಲೂ ಇಲ್ಲ.